ಮೋರಿಗೆ ಕಟ್ಟಿದ ಬಲೆ

ಚಿಕ್ಕಲಸಂದ್ರದಲ್ಲಿ ನಮ್ಮದು ಬೀದಿಯ ಕೊನೆಯ ಮನೆ, ತಗ್ಗಿನಲ್ಲಿದೆ. ಪಕ್ಕದಲ್ಲೇ ದೊಡ್ಡ ಮೋರಿ. ಮಳೆನೀರೆಲ್ಲ ಅದರಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತದೆ. ಹೋದ ವರ್ಷ ಎಂಟನೇ ಕ್ಲಾಸಿನಲ್ಲಿದ್ದ ನನ್ನ ಮಗಳೂ ಅವಳ ಶಾಲೆಯ ಮಕ್ಕಳೂ ಸೇರಿ ಆ ಮೋರಿಗೆ ಅಡ್ಡಲಾಗಿ ನೈಲಾನ್ ಬಲೆ ಕಟ್ಟಿದರು. ಕಸ ಬಲೆಯಲ್ಲಿ ನಿಲ್ಲಬೇಕು, ನೀರಷ್ಟೇ ಕೆರೆಗೆ ಹೋಗಬೇಕು. ಶನಿವಾರ ಬಂತೆಂದರೆ ಮಕ್ಕಳೇ ಬಂದು ಕಸ ಎತ್ತುತ್ತಿದ್ದರು. ಬೀದಿಯವರೆಲ್ಲ ಭೇಷ್ ಎಂದರು. ನನಗೆ ಮಾತ್ರ ಅಂದಿನಿಂದ ಮೋಡ ಕಂಡರೆ ಭಯ. ಒಳಕೋಣೆಯಲ್ಲಿ ಅತ್ತೆ ಹಾಸಿಗೆ ಹಿಡಿದು ಮಲಗಿದ್ದರು. ಬಲೆಗೆ ಕಸ ಕಟ್ಟಿಕೊಂಡು ಮನೆಗೆ ನೀರು ನುಗ್ಗಿದರೆ ಅವರನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ?

ಬಲೆಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಪೂಜೆಯ ಹೂವು. ಬಾಡಿದ ಹೂವನ್ನು ಯಾರೂ ತುಳಿಯಬಾರದು, ಹರಿಯುವ ನೀರಿಗೆ ಬಿಡಬೇಕು ಎನ್ನುವ ಪದ್ಧತಿ. ನದಿ ಎಲ್ಲಿಂದ ತರೋಣ? ಇರುವುದು ಮೋರಿ. ಅದಕ್ಕೇ ಪ್ಲಾಸ್ಟಿಕ್ ಕವರಿನಲ್ಲಿ ಹೂ ತುಂಬಿ, ಭದ್ರವಾಗಿ ಗಂಟು ಹಾಕಿ, ಕಣ್ಣಿಗೊತ್ತಿಕೊಂಡು ಎಸೆಯುತ್ತಾರೆ. ಭಕ್ತಿಗೇನೂ ಕಡಿಮೆಯಿಲ್ಲ. ಎಸೆಯಬೇಡಿ ಎಂದು ಮಕ್ಕಳು ಮನೆಮನೆಗೂ ಹೋಗಿ ಹೇಳಿ ಬಂದಿದ್ದರು.

ಗಣೇಶನ ಹಬ್ಬದ ಮರುದಿನ ಸಂಜೆ ಮಳೆ ಹಿಡಿಯಿತು. ಕಿಟಕಿಯಿಂದ ನೋಡಿದರೆ ಬಲೆ ಕವರುಗಳಿಂದ ಉಬ್ಬಿ ಗೋಡೆಯಾಗಿದೆ, ನೀರು ಮುಂದೆ ಹೋಗದೆ ನಮ್ಮ ಕಡೆ ಏರುತ್ತಿದೆ. ಗೇಟು ದಾಟಿತು. ಮೊದಲ ಮೆಟ್ಟಿಲು ಮುಳುಗಿತು. ಅಡುಗೆಮನೆಯ ಚಾಕು ಹಿಡಿದು ಓಡಿದೆ. ಮಗಳು ಹಿಂದೆಯೇ ಬಂದು ಕೈ ಹಿಡಿದಳು.

“ಅಮ್ಮಾ, ಕಟ್ ಮಾಡ್ಬೇಡ! ಎಲ್ಲಾ ಕೆರೆಗ್ ಹೋಗ್ಬಿಡುತ್ತೆ. ಕೋಲಲ್ಲಿ ಎಳೆಯೋಣ, ಪ್ಲೀಸ್.”

“ಅಜ್ಜಿ ಒಳಗಿದಾರೆ ಕಣೇ. ಬಿಡು ಕೈ!”

ಕೊಯ್ದೆ. ಬಲೆ, ಕವರು, ಹೂವು ಎಲ್ಲ ಒಟ್ಟಿಗೆ ಕೆರೆಯ ಕಡೆಗೆ ಕೊಚ್ಚಿಹೋದವು. ನೀರು ಸರಸರನೆ ಇಳಿಯಿತು. ಅತ್ತೆಯ ಮಂಚದ ಕಾಲೂ ನೆನೆಯಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಮಗಳು ನನ್ನನ್ನು ದಾಟಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಗೇಟಿನ ಬಳಿ ಅವಳ ಕೈಗೆ ಊಟದ ಡಬ್ಬಿ ಕೊಡುತ್ತಿದ್ದೆ. ಬಲೆ ಕಟ್ಟಿದ ದಿನ ಮಕ್ಕಳಿಗೆಲ್ಲ ಪಾನಕ ಕೊಟ್ಟಿದ್ದ ಎದುರುಮನೆಯ ಆಂಟಿ, ಗಂಟು ಹಾಕಿದ ಕವರು ಹಿಡಿದು ಮೋರಿಯ ಹತ್ತಿರ ಬಂದು ಬಗ್ಗಿ ನೋಡಿದರು.

“ಅಯ್ಯೋ, ಬಲೆ ಹೋಯ್ತಾ? ಒಳ್ಳೇದೇ ಆಯ್ತು ಬಿಡಮ್ಮ. ದೇವ್ರ ಹೂವು ಹಂಗೆ ಕಸದ ಜೊತೆ ಕೊಳೀತಾ ನಿಂತಿರೋದು ನೋಡಕ್ಕೇ ಆಗ್ತಿರ್ಲಿಲ್ಲ ನನ್ ಕೈಲಿ.”

ಕವರನ್ನು ಕಣ್ಣಿಗೊತ್ತಿಕೊಂಡು ಎಸೆದರು. ಅದು ಸಲೀಸಾಗಿ ತೇಲಿಹೋಯಿತು.

ಅದು ಮರೆಯಾಗುವವರೆಗೂ ಮಗಳು ಕಾದಳು. ತಿರುಗಿ ನನ್ನನ್ನೇ ನೋಡುತ್ತ ನಿಂತಳು.