ಶಿಸ್ತು ಎಂದು ನಾನು ಬರೆದದ್ದು

ಸತತ ಎರಡನೇ ವರ್ಷ ಮಳೆ ಕೈಕೊಟ್ಟಾಗ ನಾನು ಔರಾದ್‌ನಲ್ಲಿ ಶಿಕ್ಷಣ ಸಂಯೋಜಕಿಯಾಗಿದ್ದೆ. ಶಾಲೆಗಳಿಗೆ ಭೇಟಿ ಕೊಟ್ಟು ವರದಿ ಬರೆಯುವುದು ನನ್ನ ಕೆಲಸ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದವರ ಹೆಣ್ಣುಮಕ್ಕಳಿಗಾಗಿ ಆ ವರ್ಷ ಒಂದು ವಸತಿನಿಲಯ ತೆರೆದಿದ್ದರು. ತಂದೆತಾಯಿ ಮರಳುವ ತನಕ, ಆರು ತಿಂಗಳು ಮಾತ್ರ. ಔರಾದ್, ಭಾಲ್ಕಿ ಕಡೆಯ ಮೂವತ್ತೆರಡು ಹುಡುಗಿಯರು ಅಲ್ಲಿದ್ದರು.

ಮೊದಲ ಭೇಟಿ ನವೆಂಬರಿನಲ್ಲಿ. ಹುಡುಗಿಯರು ಸಾಲಾಗಿ ಕೂತಿದ್ದರು, ಪಿಸುಮಾತೂ ಇಲ್ಲ. ಏನು ಕೇಳಿದರೂ ಮೊದಲು ಮೇಲ್ವಿಚಾರಕಿಯ ಮುಖ ನೋಡಿ ಆಮೇಲೆ ಉತ್ತರಿಸುತ್ತಿದ್ದರು. ‘ಶಿಸ್ತು ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿ ಬಂದೆ.

ಫೆಬ್ರವರಿಯಲ್ಲಿ ಮುಂಚೆ ತಿಳಿಸದೆ ಹೋದೆ. ಮೇಲ್ವಿಚಾರಕಿ ಬೀದರಿಗೆ ಸಭೆಗೆ ಹೋಗಿದ್ದರು. ಭಾತಂಬ್ರಾದ ಸುನೀತಾ, ಹನ್ನೊಂದು ವರ್ಷದವಳು, ಜ್ವರ ಬಂದು ಮಲಗಿದ್ದಳು. ಎಬ್ಬಿಸಿ ನೀರಿನ ಲೋಟ ಕೈಗಿಟ್ಟೆ. ಹಿಡಿದುಕೊಂಡೇ ಕೂತಳು.

“ಕುಡೀಲೇನ್ರಿ?” ಎಂದಳು.

ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳುತ್ತ ಹೋದಾಗ ಒಂದೊಂದೇ ಹೊರಬಂತು. ಮನೆಯವರ ಫೋನು ಬರುತ್ತಿದ್ದದ್ದು ಮೇಲ್ವಿಚಾರಕಿಯ ಮೊಬೈಲಿಗೆ ಮಾತ್ರ. ಅಪ್ಪಣೆ ಇಲ್ಲದೆ ನೀರು ಕುಡಿದರೆ, ಮನೆ ನೆನೆದು ಅತ್ತರೆ, ಆ ವಾರ ಫೋನು ಇಲ್ಲ. ನನ್ನ ಮೊದಲ ಭೇಟಿಗೆ ವಾರ ಮುಂಚೆ ಸುನೀತಾ ಮೇಲ್ವಿಚಾರಕಿಗೆ ಎದುರು ಮಾತಾಡಿದ್ದಳಂತೆ. ಅಂದಿನಿಂದ ಮೂರು ತಿಂಗಳು ಎಲ್ಲರ ಮುಂದೆ ಅವಳಿಗೆ ಸಿಕ್ಕ ಮಾತು ಒಂದೇ: “ನಿಮ್ಮವ್ವಗ ನೀ ಬ್ಯಾಡಾಗೀದಿ. ಫೋನೇ ಮಾಡಲತ್ತಿಲ್ಲ.”

ತಾಯಿ ಲಕ್ಷ್ಮೀಬಾಯಿಯ ಗುಂಪನ್ನು ಕರೆದೊಯ್ದಿದ್ದ ಮುಕಾದಮನ, ಅಂದರೆ ಕೂಲಿ ಗುತ್ತಿಗೆದಾರನ, ನಂಬರು ಹುಡುಕಿ ನಾನೇ ಆಕೆಗೆ ಕರೆ ಮಾಡಿದೆ. ಆಕೆ ಒಂದು ಭಾನುವಾರವೂ ಫೋನು ಮಾಡುವುದನ್ನು ತಪ್ಪಿಸಿರಲಿಲ್ಲ.

“ನಿನ್ನ ಸಂಗಾಟ ಮಾತಾಡಲ್ಲ ಅಂತಾಳ ನಿನ್ನ ಮಗಳು ಅಂತ ಆ ಮ್ಯಾಡಮ್ಮೋರು ಅಂದ್ರುರಿ. ನಾ ಖರೇ ಅಂದ್ಕೊಂಡೆ.”

ಹೊಸ ವರದಿ ಒಯ್ದಾಗ ಮೇಲಧಿಕಾರಿ ಹಳೆಯದನ್ನು ತೆಗೆದು ಮುಂದಿಟ್ಟರು. ಸಹಿ ನಿಮ್ಮದೇ ಅಲ್ಲವೇ ಎಂದು ಕೇಳಿದರು. ಮೊದಲ ವರದಿ ತಪ್ಪು ಎಂದು ಬರೆದುಕೊಟ್ಟೆ. ವಿಚಾರಣೆ ನಡೆದು ಮೇಲ್ವಿಚಾರಕಿಯನ್ನು ತೆಗೆದರು.

ಲಕ್ಷ್ಮೀಬಾಯಿ ಕೆಲಸ ಅರ್ಧಕ್ಕೆ ಬಿಟ್ಟು ಬಂದಳು. ಮಗಳು ಹತ್ತಿರ ಹೋಗಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಇಬ್ಬರೂ ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಬೀದರಿನ ಆಪ್ತಸಮಾಲೋಚಕಿಯ ಬಳಿ ಹೋಗಿಬಂದರು. ಮುಂದಿನ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ, ಜಡೆ ಬಿಗಿಯಾಯಿತೆಂದು ಸುನೀತಾ ತಾಯಿಯ ಮೇಲೆ ರೇಗುತ್ತಿದ್ದಳು. ಲಕ್ಷ್ಮೀಬಾಯಿ ಬೈಸಿಕೊಳ್ಳುತ್ತಲೇ ನಗುತ್ತಿದ್ದಳು.

ಹೊರಡುವಾಗ ಸುನೀತಾ ಬಾಗಿಲ ತನಕ ಬಂದಳು.

“ಮ್ಯಾಡಮ್, ಮೊದಲ್ನೇ ಸಲ ಬಂದಾಗ ಯಾಕ ಕೇಳಲಿಲ್ರಿ?”

ಅಂದಿನಿಂದ ನಿವೃತ್ತಳಾಗುವ ತನಕ ಯಾವ ವಸತಿನಿಲಯಕ್ಕೆ ಹೋದರೂ ದೊಡ್ಡವರನ್ನು ಹೊರಗೆ ಕೂರಿಸಿ ಮೊದಲು ಮಕ್ಕಳ ಜೊತೆ ಮಾತಾಡಿದೆ. ಗಲಾಟೆ ಕೇಳಿಸಿದರೆ ಸಮಾಧಾನವಾಗುತ್ತಿತ್ತು. ಅಧಿಕಾರದ ಎದುರು ಮಕ್ಕಳು ಸುಮ್ಮನಿದ್ದಾರೆಂದರೆ ಕಾರಣ ಹುಡುಕಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ಉಳಿದ ಮೂವತ್ತೊಂದು ಹುಡುಗಿಯರಲ್ಲಿ ಎಷ್ಟು ಮಂದಿ ಏನನ್ನೂ ಹೇಳದೆ ಊರಿಗೆ ಹೋದರೋ ಗೊತ್ತಿಲ್ಲ.