ಮ್ಯಾವಿಸ್ ಮತ್ತು ಹನ್ನೊಂದು ಬೆಲ್ ಸ್ವಿಚ್ಚು

ಮ್ಯಾವಿಸ್ ಟ್ರಾಂಟರ್‌ಗೆ ಏಳು ವಾರದ ಕೂಲಿ ಇನ್ನೂ ಬರಬೇಕು. ‘ಕಾರ್ಟರ್ಸ್ ರೆಸ್ಟ್’ ಪಬ್ಬಿಗೆ ಬೀಗ ಜಡಿದ ಕಂಪನಿ ಕೊಟ್ಟಿಲ್ಲ. ಆದರೆ ಅವಳ ನಿದ್ದೆ ಕೆಡಿಸಿದ್ದು ಕೂಲಿಯಲ್ಲ, ಕಟ್ಟಡ ಕೆಡವುತ್ತೇವೆಂಬ ನೋಟೀಸು.

ಬರ್ಮಿಂಗ್‌ಹ್ಯಾಮಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಎರಡು ಮಹಾಯುದ್ಧಗಳ ನಡುವೆ ಎದ್ದ ಪಬ್ಬು ಅದು. ಬಿಳಿ ಗಾರೆಯ ಮೇಲೆ ಕಪ್ಪು ಮರದ ಪಟ್ಟಿ, ಎತ್ತರದ ಚಿಮಣಿ. ನಾನೂರು ವರ್ಷದ ಮುದುಕನ ವೇಷ. ಒಳಗೆ ಕೂಲಿಯವರಿಗೊಂದು ಕೋಣೆ, ಕೋಟಿನವರಿಗೊಂದು. ಕೋಟಿನವರ ಕೋಣೆಯ ಗೋಡೆಗೆ ಹನ್ನೊಂದು ಹಿತ್ತಾಳೆ ಬೆಲ್ ಸ್ವಿಚ್ಚು. ಒತ್ತಿದರೆ ಬಿಯರು ಕೂತಲ್ಲಿಗೇ ಬರುತ್ತಿತ್ತು. ಮೂವತ್ತೊಂದು ವರ್ಷ ಅವನ್ನು ಉಜ್ಜಿ ಹೊಳೆಸಿದವಳು ಮ್ಯಾವಿಸ್.

ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಪಬ್ಬು ಉಳಿದೀತು. ತಪಾಸಣೆಯ ಹಿಂದಿನ ವಾರ, ಪಬ್ಬಿನ ಖಾಯಂ ಗಿರಾಕಿ, ಕಾರ್ಖಾನೆಯಿಂದ ನಿವೃತ್ತನಾದ ಸಿರಿಲ್, ಸ್ಕ್ರೂಡ್ರೈವರ್ ಹಿಡಿದು ಬಂದ. ಹಿಂಬಾಗಿಲ ಕೀಲಿ ಮ್ಯಾವಿಸ್ ಬಳಿಯೇ ಇತ್ತು.

“ಅಕ್ಕಾ, ಈ ಕರೆಂಟಿನ ಸ್ವಿಚ್ಚು ನೋಡಿದ್ರೆ ನಿನ್ನೆ ಮೊನ್ನೇದು ಅಂತಾರೆ. ಹಳೇದು ಅನ್ನಿಸ್ಬೇಕಂದ್ರೆ ಕಿತ್ತಾಕ್ಬೇಕು.”

“ನಿನ್ ಕಟ್ಸಿರೋ ಹಲ್ಲೂ ಕಿತ್ತಾಕೋ, ನೀನೂ ಹಳೇ ಕಾಲ್ದೋನ್ ಥರ ಕಾಣ್ತೀಯ!”

ಗದರಿದಳೇನೋ ನಿಜ. ಆದರೆ ತೂತುಗಳಿಗೆ ಲಪ್ಪ ಮೆತ್ತಿ ಬಣ್ಣ ಬಳಿದವಳೂ ಅವಳೇ.

ತಪಾಸಣೆಗೆ ಬಂದ ಅಧಿಕಾರಿ ಹೆಂಗಸು ಗೋಡೆಯ ಮೇಲೆ ಬೆರಳಾಡಿಸಿದಳು. “ಇಲ್ಲಿ ಬೆಲ್ ಸ್ವಿಚ್ಚಿದ್ವಲ್ಲ, ಎಲ್ಲಿ ಹೋದ್ವಮ್ಮಾ? ಹಳೇ ಫೋಟೋದಲ್ಲಿ ನೋಡಿ, ಅದಕ್ಕೇ ಬಂದೆ ನಾನು. ಇಂಥವು ಪೂರ್ತಿ ಉಳಿದಿದ್ದು ಈ ಕಡೆ ಇದೊಂದರಲ್ಲೇ.”

“ಕಸದ ಲಾರಿಗೆ ಹೋದ್ವು ಮೇಡಂ,” ಎಂದಳು ಮ್ಯಾವಿಸ್. “ನಾವೇ ಹಾಕಿದ್ವಿ.”

ಸಿರಿಲ್ ಟೋಪಿ ಹಿಂಡುತ್ತ ನಿಂತಿದ್ದ. “ಬಾಯಿ ಮುಚ್ಕೊಂಡಿರ್ಬಾರ್ದಿತ್ತಾ ಅಕ್ಕಾ?”

“ಗೋಡೆ ಕೈಲಿ ಸುಳ್ಳು ಹೇಳ್ಸಿ ಹಾಳಾಗಿದ್ದು ಸಾಲ್ದಾ?”

ಪಬ್ಬು ಪಟ್ಟಿಗೆ ಸೇರಲಿಲ್ಲ. ತಪ್ಪು ಇವರದೇ, ಮುಚ್ಚಿಡುವುದೇನಿದೆ? ಆದರೆ ಅರಮನೆ, ಚರ್ಚು ಮಾತ್ರ ಪರಂಪರೆ, ಅಪ್ಪ ಬಿಯರು ಕುಡಿದ ಜಾಗ ಬರೀ ಸೈಟು ಎಂದು ಇವರ ತಲೆಗೆ ತುಂಬಿದವರು ಯಾರು? ಅವರನ್ನು ಯಾರೂ ತಪಾಸಣೆ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕೆಡವುವ ಯಂತ್ರ ಬರುತ್ತದೆ. ಮ್ಯಾವಿಸ್ ಗೇಟಿಗೆ ಅಡ್ಡ ನಿಲ್ಲುತ್ತಾಳೆ, ಜೊತೆಗೆ ಸಿರಿಲ್. ಇಬ್ಬರನ್ನು ಎತ್ತಿ ಬದಿಗಿಡಲು ಪೊಲೀಸರಿಗೆ ಎರಡು ನಿಮಿಷ ಸಾಕು. ಇನ್ನೂರು ಜನರಾದರೆ ಬೆವರು ಇಳಿಯುತ್ತದೆ. ಓದಿ ಲೊಚಗುಟ್ಟಬೇಡಿ. ಬಂದು ನಿಲ್ಲಿ.