ಸರ್ಕಾರದ ಪರವಾಗಿ ದೀಪ ಆರಿಸಿದ ಲಕ್ಷ್ಮಯ್ಯನವರು

ಲಕ್ಷ್ಮಯ್ಯನವರ ಕರಿ ಕೋಟಿಗೆ ಅವರಿಗಿಂತ ಹೆಚ್ಚು ಸರ್ವೀಸಾಗಿತ್ತು. ಗೂಟಕ್ಕೆ ನೇತುಹಾಕಿದರೆ ಅದು ತಾನೇ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಸರ್ಕಾರದ ಪರ ವಾದ ಶುರುಮಾಡುತ್ತದೆ ಎಂದು ದೊಡ್ಡಬಳ್ಳಾಪುರದ ವಕೀಲರ ಕೋಣೆಯಲ್ಲಿ ನಾವೆಲ್ಲ ಹೇಳಿಕೊಂಡು ನಗುತ್ತಿದ್ದೆವು. ಅವರು ಸರ್ಕಾರಿ ವಕೀಲರು. ಕಳ್ಳರು ಕೊಲೆಗಾರರ ತಂಟೆಯಲ್ಲ, ಬರೀ ಸಿವಿಲ್ ದಾವೆ. ಗೋಮಾಳ, ಕೆರೆ ಅಂಗಳ, ಬಂಡಿ ದಾರಿ ಇವಕ್ಕೆ ಬಾಯಿಲ್ಲವಲ್ಲ, ಅವುಗಳ ಪರವಾಗಿ ಬಾಯಿ ಬಿಡುವ ಕೆಲಸ. ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆಯ ಒಕ್ಕಲುಮಗ, ಓದಿ ಮೇಲೆ ಬಂದವರು. ಅವರ ನೇಮಕವನ್ನು ಮುಂದುವರಿಸುವ ಹುಕುಂ ವರ್ಷಕ್ಕೊಮ್ಮೆ ಬರುತ್ತಿತ್ತು. ಅದು ಬರುವ ತನಕ ಅವರ ಹೆಂಡತಿ ಅನುಸೂಯಮ್ಮ ಒಗ್ಗರಣೆಯನ್ನೂ ಸದ್ದಾಗದಂತೆ ಹಾಕುತ್ತಿದ್ದರು.

ಯುದ್ಧದ ಕಾಲ, ನಲವತ್ಮೂರನೇ ಇಸವಿ. ನಲ್ಲೂರಿನ ಪಕ್ಕದ ಹಳ್ಳಿಯ ಅಮ್ಮಯಮ್ಮ ಎಂಬ ವಿಧವೆ ಸರ್ಕಾರದ ಮೇಲೆ ದಾವೆ ಹೂಡಿದಳು. ಆಕೆಯ ಗಂಡ ಸತ್ತದ್ದೇ ತಡ, ಊರ ಪಟೇಲ ಪಿಳ್ಳಪ್ಪ ತಾಲ್ಲೂಕು ಕಚೇರಿಗೆ ವರದಿ ಬರೆದಿದ್ದ. ಆಕೆ ಉಳುತ್ತಿರುವುದು ಊರ ದನ ಮೇಯುವ ಗೋಮಾಳ, ಬಿಡಿಸಬೇಕು ಅಂತ. ಆಕೆ ಹೇಳುವುದು ಒಂದೇ ಮಾತು: ಅದು ಅರವತ್ತು ಚಿಲ್ಲರೆ ವರ್ಷದ ಹಿಂದಿನ ಧಾತು ಬರಗಾಲಕ್ಕೂ ಮುಂಚಿನಿಂದ ನಮ್ಮ ಮಾವ ಉತ್ತ ಹೊಲ. ಅದಕ್ಕೆ ಕಾಗದವಿಲ್ಲ. ಸಾಕ್ಷಿಗೆ ಬಂದ ಮುದುಕರು ಕಟಕಟೆ ಹತ್ತಿ ಪಟೇಲನ ಮೀಸೆ ನೋಡಿದರು. ನೋಡಿದ ಕೂಡಲೇ ತಮ್ಮ ಅಪ್ಪಂದಿರ ಹೆಸರನ್ನೂ ಮರೆತರು.

ಆಗ ಅಮ್ಮಯಮ್ಮ ಸೆರಗು ಬಿಗಿದು ಎದ್ದು ನಿಂತಳು.

"ಸ್ವಾಮಿ, ಈ ಸಾಕ್ಸಿ ಗೀಕ್ಸಿ ಎಲ್ಲ ಸಾಕು. ನಮ್ಮೂರ ಗಂಗಮ್ಮನ ಮುಂದೆ ದೀಪ ಹಚ್ತೀನಿ. ಈ ಹೊಲ ನಮ್ಮ ಮಾವ ಉತ್ತಿದ್ದಲ್ಲ ಅಂತ ಸರ್ಕಾರ ಅದನ್ನ ಆರಿಸ್ಲಿ. ನಾನು ಬುಟ್ಟು ಹೊಂಟೋಯ್ತೀನಿ."

ಆಕೆಯ ವಕೀಲ ತಲೆ ಮೇಲೆ ಕೈ ಹೊತ್ತ. ಏಕೆಂದರೆ ಅಂಥದೊಂದು ಕಾನೂನು ನಿಜವಾಗಿಯೂ ಇತ್ತು. ಎದುರಾಳಿ ದೇವರ ಮುಂದೆ ಪ್ರಮಾಣ ಮಾಡಿದರೆ ಒಪ್ಪುತ್ತೇನೆಂದು ಒಬ್ಬರು ಹೇಳಿ, ಎದುರಾಳಿಯೂ ಸೈ ಎಂದರೆ, ಆ ಪ್ರಮಾಣವೇ ಕೊನೆ ಮಾತು. ಆದರೆ ಆ ಸೀಮೆಯಲ್ಲಿ ಸುಳ್ಳಿಗೆ ದೀಪ ಆರಿಸುವ ಗಂಡಸು ಹುಟ್ಟಿರಲಿಲ್ಲ. ಆರಿಸಿದವನು ಮುಂದಿನ ಗಂಗಮ್ಮನ ಹಬ್ಬದೊಳಗೆ ರಕ್ತ ಕಾರಿ ಬೀಳುತ್ತಾನೆಂಬುದು ಎಲ್ಲರಿಗೂ ಗೊತ್ತು. ಆಕೆ ನಂಬಿದ್ದು ಅದನ್ನೇ.

ಪುಕ್ಕಟೆ ಗೆಲುವು ಬಂತೆಂದು ತಾಲ್ಲೂಕು ಕಚೇರಿ ಮರುಟಪಾಲಿಗೇ ಒಪ್ಪಿಗೆ ಬರೆದು ಕಳಿಸಿತು. ಮುನ್ಸೀಫರು ದಿನ ಗೊತ್ತುಮಾಡಿದರು. ಆಮೇಲೆ ಎದ್ದಿತು ಪ್ರಶ್ನೆ: ಸರ್ಕಾರ ಎಂದರೆ ಯಾರ ಕೈ?

ಆ ವಾರ ಕಚೇರಿಗೆ ಬಡಿದಂಥ ಕಾಯಿಲೆ ಪ್ಲೇಗಿನ ಕಾಲದಲ್ಲೂ ಬಡಿದಿರಲಿಲ್ಲ. ಅಮಲ್ದಾರರಿಗೆ ಬೆನ್ನು ಹಿಡಿಯಿತು. ಶಾನುಭೋಗರ ಸೊಸೆ ಬಸುರಿಯಂತೆ, ಅವರು ದೀಪದ ಹತ್ತಿರ ಸುಳಿಯುವಂತಿಲ್ಲ. ಪಿಳ್ಳಪ್ಪನ ಬಲಗೈ ಭುಜದಿಂದ ಬೆರಳಿನವರೆಗೆ ಸೇದಿಹೋಯಿತು. ಊಟದ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಗುಣ. ಕಡೆಗೆ ಲಕ್ಷ್ಮಯ್ಯನವರಿಗೆ ಹುಕುಂ ಬಂತು: ಸರ್ಕಾರದ ಪ್ರತಿನಿಧಿಯಾಗಿ ತಾವೇ ಪ್ರಮಾಣ ಮಾಡತಕ್ಕದ್ದು. ವರ್ಷದ ನೇಮಕದ ಹುಕುಂ ಇನ್ನೂ ಬಂದಿರಲಿಲ್ಲ.

"ಬ್ಯಾಡಾಂದ್ರೆ," ಎಂದರು ಅನುಸೂಯಮ್ಮ. "ಮಕ್ಕಳೊಂದಿಗರು ನಾವು."

"ಆರಿಸೋದು ನಾನಲ್ಲ ಕಣೇ, ಸರ್ಕಾರ. ಕೈ ಮಾತ್ರ ನಂದು. ದೀಪ ಅಂದ್ರೇನು? ಬತ್ತಿ, ಎಣ್ಣೆ."

ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಲಕ್ಷ್ಮಯ್ಯನವರು ಹೊರಟರು. ಆ ಬಸ್ಸು ಪ್ರಯಾಣಿಕರನ್ನು ಹೊತ್ತದ್ದಕ್ಕಿಂತ ಪ್ರಯಾಣಿಕರು ಅದನ್ನು ತಳ್ಳಿದ್ದೇ ಹೆಚ್ಚು. ದೇವನಹಳ್ಳಿ ಸೇರುವ ಹೊತ್ತಿಗೆ ಹತ್ತಿದವರೆಲ್ಲ ಮಸಿ ಹಿಡಿದ ಮಡಕೆಗಳಾಗಿದ್ದರು. ಊರು ಮುಟ್ಟಿ, ಮುಖ ತೊಳೆದು, ಗುಡಿಗೆ ಹೋಗುವ ಮೊದಲು ಹೊಲ ನೋಡುತ್ತೇನೆಂದರು. ಕಡತದ ಹೊರಗೆ ಅವರು ಅದನ್ನು ಕಂಡಿರಲಿಲ್ಲ.

ಹೊಲದ ಮೂಲೆಯಲ್ಲೊಂದು ಬಾವಿ. ಅದರ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು, ಮಗುವನ್ನು ಮಲಗಿಸಬಹುದಾದಷ್ಟು ಆಳ. ಪಕ್ಕದಲ್ಲಿ ಹಳೇ ಕಣದ ಹಾಸು, ಬದುವಿನ ಮೇಲೆ ಎರಡಾಳು ತಬ್ಬುವ ಹೊಂಗೆ. ಲಕ್ಷ್ಮಯ್ಯನವರು ವಕೀಲರಾಗುವ ಮೊದಲು ನೇಗಿಲು ಹಿಡಿದವರು. ನೋಡಿದ್ದು ಅರ್ಥವಾಯಿತು.

"ಏನ್ರೀ ಪಟೇಲ್ರೇ, ಗೋಮಾಳದಾಗೆ ಸೇದೋ ಬಾವಿ ಯಾಕೆ?"

"ದನ ನೀರ್ ಕುಡ್ಯಾಕೆ ಸ್ವಾಮಿ," ಎಂದ ಪಿಳ್ಳಪ್ಪ.

"ದನ ತಾವೇ ಹಗ್ಗ ಹಾಕಿ ಸೇದ್ಕೊಂಡು ಕುಡೀತಿದ್ವಾ?"

"ನಮ್ಮ ಸೀಮೆ ದನ ಸ್ವಾಮಿ, ಬಲೇ ಬುದ್ಧಿವಂತ್ವು."

ಲಕ್ಷ್ಮಯ್ಯನವರು ನಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಗುಡಿಯ ಕಡೆ ನಡೆದರು.

ಊರೆಲ್ಲ ಸೇರಿತ್ತು. ಪ್ರಮಾಣವನ್ನು ಬರೆದುಕೊಳ್ಳಲು ಕೋರ್ಟಿನ ಕಮಿಷನರು ಕಾಗದ ಹಿಡಿದು ನಿಂತಿದ್ದರು. ಅಮ್ಮಯಮ್ಮ ದೀಪ ಹಚ್ಚಿ ಪಕ್ಕಕ್ಕೆ ಸರಿದಳು. ಆಕೆಯ ಮುಖದಲ್ಲಿ ಭಯವಿರಲಿಲ್ಲ. ಇವರ ಕೈ ಮೇಲೇಳುವುದಿಲ್ಲವೆಂದು ನಂಬಿಕೊಂಡು ನಿಂತಿದ್ದಳು.

"ಈ ಜಮೀನು ಗೋಮಾಳ. ಇದನ್ನು ಇವರ ಮಾವ ಎಂದೂ ಉಳಲಿಲ್ಲ," ಎಂದು ಕಡತದಲ್ಲಿದ್ದಂತೆಯೇ ಹೇಳಿ ಲಕ್ಷ್ಮಯ್ಯನವರು ಅಂಗೈ ಒತ್ತಿ ದೀಪ ಆರಿಸಿದರು.

ದಾವೆ ವಜಾ ಆಯಿತು. ನೇಮಕದ ಹುಕುಂ ಬಂತು. ಅಲ್ಲಿಂದ ಶುರು ಆ ಹಳ್ಳಿಯವರ ಕಾಯುವಿಕೆ. ಸಂತೆಗೆ ಬಂದವರು, ಕೋರ್ಟಿಗೆ ಬಂದವರು, ಯಾವ ಕೆಲಸವೂ ಇಲ್ಲದವರು ನಮ್ಮ ಕೋಣೆಯ ಬಾಗಿಲಲ್ಲಿ ಇಣುಕುತ್ತಿದ್ದರು. "ಹೊಟ್ಟೆ ಹೆಂಗೈತೆ ಸ್ವಾಮಿ? ರಾತ್ರಿ ನಿದ್ದೆ ಬತ್ತದಾ?" ಇಂಥ ಕಾಳಜಿ ಹೆತ್ತ ತಾಯಿಯಿಂದಲೂ ಸಿಗದು.

ಲಕ್ಷ್ಮಯ್ಯನವರೂ ಕಾಯುತ್ತಿದ್ದರು, ಅದು ನಮಗೆ ತಡವಾಗಿ ತಿಳಿಯಿತು. ಕೊಡೆ ಬಿಟ್ಟು ಮಳೆಯಲ್ಲಿ ನಡೆದರು. ನೆಂದ ಕೋಟನ್ನು ಮೈಮೇಲೇ ಒಣಗಿಸಿದರು. ಒಂದು ಸೀನೂ ಬರಲಿಲ್ಲ. ಹತ್ತು ವರ್ಷದ ಉಬ್ಬಸ ಹೇಳದೆ ಕೇಳದೆ ಬಿಟ್ಟುಹೋಯಿತು. ನರೆತ ಕೂದಲು ಬುಡದಿಂದ ಕಪ್ಪಾಗುತ್ತಿದೆ ಎಂದು ಗುಮಾಸ್ತ ದೊಡ್ಡಮುನಿಯಪ್ಪ ಆಣೆಯಿಟ್ಟು ಹೇಳಿದ. ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಗಂಗಮ್ಮನ ಹಬ್ಬ ಬಂತು, ಹೋಯಿತು. ಲಕ್ಷ್ಮಯ್ಯನವರು ಗುಂಡುಕಲ್ಲಿನ ಹಾಗಿದ್ದರು.

ಹಳ್ಳಿ ತನ್ನ ತೀರ್ಪು ಕೊಟ್ಟಿತು. ಆರಿಸಿದವನು ಗಟ್ಟಿಯಾಗಿದ್ದಾನೆ, ಅಂದಮೇಲೆ ಸುಳ್ಳಿ ಇವಳೇ. ಅಮ್ಮನ ಮುಂದೆ ಸುಳ್ಳಿಗೆ ದೀಪ ಹಚ್ಚಿದವಳು. ಆಕೆಗೆ ಒಲೆಗೆ ಕೆಂಡ ಕೊಡುವುದನ್ನು ನಿಲ್ಲಿಸಿದರು. ಮಗಳಿಗೆ ಗೊತ್ತಾಗಿದ್ದ ಗಂಡಿನವರು ವೀಳ್ಯ ವಾಪಸು ಕಳಿಸಿದರು. ಹೊಲವನ್ನು, ಯುದ್ಧಕಾಲ, ಹೆಚ್ಚು ಬೆಳೆ ಬೆಳೆಯಬೇಕು ಎಂದು ಕಚೇರಿಯವರು ಪಿಳ್ಳಪ್ಪನ ಭಾವಮೈದುನನಿಗೆ ಬರೆದುಕೊಟ್ಟರು. ಬುದ್ಧಿವಂತ ದನಗಳನ್ನು ಯಾರೂ ಕೇಳಲಿಲ್ಲ.

ತಾವು ಮಾಡಿದ ಪ್ರಮಾಣ ಸುಳ್ಳೆಂದು ಲಕ್ಷ್ಮಯ್ಯನವರು ಮೇಲಿನವರಿಗೆ ಬರೆದರು. ಗೆದ್ದ ದಾವೆಗೆ ವಿಷಾದಪಡಲು ನಿಯಮಗಳಲ್ಲಿ ಅವಕಾಶವಿಲ್ಲ ಎಂಬರ್ಥದ ಉತ್ತರ ಬಂತು. ಆಗ ಅವರು ಮತ್ತೆ ಆ ಇದ್ದಿಲ ಬಸ್ಸು ಹತ್ತಿದರು. ದೊಡ್ಡಮುನಿಯಪ್ಪ ಜೊತೆಗಿದ್ದ, ಮುಂದಿನದು ಅವನ ಬಾಯಿಂದಲೇ ಕೇಳಿದ್ದು.

ಅರಳಿಕಟ್ಟೆಯ ಮುಂದೆ ನಿಂತು ಕೈಮುಗಿದು, "ಅವತ್ತು ನಾನು ಆರಿಸಿದ್ದು ಸುಳ್ಳಿಗೆ ಕಣ್ರಪ್ಪಾ. ಆಯಮ್ಮ ಹೇಳಿದ್ದೇ ನಿಜ," ಎಂದರಂತೆ.

ಕಟ್ಟೆಯ ಮೇಲಿದ್ದ ಸೊಣ್ಣಪ್ಪ ಎಂಬ ಮುದುಕ ಅವರನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಸ್ವಾಮಿ ತಮಾಸೆ! ಸುಳ್ಳಾಗಿದ್ರೆ ನೀವು ಇಲ್ಲಿಗಂಟ ನಡ್ಕಂಡ್ ಬತ್ತಿದ್ರಾ? ಹೆಣ ಬಂದು ಮಾತಾಡ್ದಂಗಾಯ್ತು. ಪಾಪ, ದೊಡ್ ಮನ್ಸು, ಮುಂಡೆ ಮ್ಯಾಲೆ ಕನಿಕರ ನಿಮ್ಗೆ."

ಲಕ್ಷ್ಮಯ್ಯನವರು ಮತ್ತೆ ಹೇಳಿದರು. ಕಟ್ಟೆಯವರೆಲ್ಲ ಮತ್ತೆ ಅವರ ದೊಡ್ಡ ಮನಸ್ಸನ್ನು ಹೊಗಳಿದರು.

ಅಮ್ಮಯಮ್ಮ ಹೊಲದಲ್ಲೇ ಇದ್ದಳು. ಪಟೇಲನ ಭಾವಮೈದುನನ ರಾಗಿಗೆ ಕೂಲಿಯಾಗಿ ಕಳೆ ಕೀಳುತ್ತಿದ್ದಳು. ಲಕ್ಷ್ಮಯ್ಯನವರು ಸಾಲಿಗಿಳಿದು ಹತ್ತಿರ ಹೋದರು.

"ಅಮ್ಮಯಮ್ಮ, ನಿಮ್ಮ ಮಾವ ಉತ್ತಿದ್ದೇ ನಿಜ. ಆ ಬಾವಿ ನೋಡೇ ನಂಗೆ ಗೊತ್ತಾಗಿತ್ತು. ಗೊತ್ತಿದ್ದೂ ಆರಿಸ್ದೆ."

ಆಕೆ ಕಳೆಗುದ್ದಲಿ ಕೆಳಗಿಟ್ಟು ಎದ್ದಳು. ಸಿಟ್ಟಿರಲಿಲ್ಲ, ಗಾಬರಿಯಿತ್ತು.

"ಹಂಗನ್ಬ್ಯಾಡಿ ಸ್ವಾಮಿ. ನಾನೂ ಬೋ ಯೋಚ್ನೆ ಮಾಡ್ದೆ. ನಮ್ಮ ಮಾವ್ನೇ ನಮ್ಗೆ ಸುಳ್ ಹೇಳ್ಬುಟ್ಟವ್ನೆ. ಅಮ್ಮ ತೋರ್ಸ್ಕೊಟ್ಲಲ್ಲ," ಎಂದಳು. ಮತ್ತೆ ಸುತ್ತ ನೋಡಿ ದನಿ ತಗ್ಗಿಸಿದಳು. "ನೀವು ಹೋಗಿ ಸ್ವಾಮಿ. ನಿಜಕ್ಕೆ ಆರಿಸ್ದೋರು ಈಗ ಸುಳ್ಳು ಅಂದ್ರೆ ಅಮ್ಮ ಸುಮ್ಕಿರಲ್ಲ. ಮಕ್ಕಳೊಂದಿಗರು ನೀವು."